ಒರೆಗಲ್ಲು, ಹುರಿಹಗ್ಗ

ಕ್ರಿಸ್ತಪೂರ್ವ 405ರಲ್ಲಿ ಅಥೆನ್ಸಿನ ರಂಗದ ಮೇಲೆ ಒಬ್ಬ ದೇವರಿಗೂ ಅವನ ಆಳಿಗೂ ಸರದಿಯಂತೆ ಚಾವಟಿಯ ಏಟು ಬಿದ್ದವು. ಅರಿಸ್ಟೋಫೇನಿಸನ ‘ಕಪ್ಪೆಗಳು’ ಎಂಬ ಹಾಸ್ಯನಾಟಕದ ದೃಶ್ಯ ಅದು. ಸತ್ತುಹೋದ ನಾಟಕಕಾರ ಯೂರಿಪಿಡೀಸನನ್ನು ಮರಳಿ ಕರೆತರಲು ಡಯೊನೈಸಸ್ ದೇವರು ಪಾತಾಳಕ್ಕೆ ಹೊರಟಿದ್ದಾನೆ. ವೇಷ ಮಾತ್ರ ವೀರ ಹೆರಾಕ್ಲೀಸನದು: ಮೈಮೇಲೆ ಸಿಂಹದ ಚರ್ಮ, ಕೈಯಲ್ಲಿ ಗದೆ. ಜೊತೆಯಲ್ಲಿ ಗಂಟು ಹೊತ್ತ ಗುಲಾಮ ಕ್ಸಾಂಥಿಯಸ್. ಹೆರಾಕ್ಲೀಸ್ ಹಿಂದೊಮ್ಮೆ ಅಲ್ಲಿಗೆ ಹೋಗಿ ಪಾತಾಳದ ಕಾವಲು ನಾಯಿಯನ್ನೇ ಎಳೆದೊಯ್ದವನು. ಹಾಗಾಗಿ ಆ ವೇಷ ಕಂಡದ್ದೇ ತಡ, ಬಾಗಿಲು ಕಾಯುವವನು ಕೆಂಡವಾಗುತ್ತಾನೆ. ಹೆದರಿದ ದೇವರು ಸಿಂಹದ ಚರ್ಮವನ್ನು ಆಳಿನ ಹೆಗಲಿಗೆ ಹಾಕಿ ತಾನು ಗಂಟು ಹೊರುತ್ತಾನೆ. ಕ್ಸಾಂಥಿಯಸ್ ಚುರುಕಿನ ಮನುಷ್ಯ. ತಾನು ಕಳ್ಳನಲ್ಲ, ನಂಬಿಕೆ ಇಲ್ಲದಿದ್ದರೆ ತನ್ನ ಈ ಆಳನ್ನು ಬಡಿದು ನಿಜ ಹೊರಡಿಸಿಕೊಳ್ಳಿ ಎಂದು ದೇವರನ್ನೇ ಮುಂದಕ್ಕೆ ನೂಕುತ್ತಾನೆ. ತಾನು ಅಮರ, ತನ್ನನ್ನು ಮುಟ್ಟಕೂಡದು ಎಂದು ದೇವರು ಕೂಗಿಕೊಂಡಾಗ ಆಳು ಹೇಳುವುದಿಷ್ಟೆ: ಹಾಗಾದರೆ ಇನ್ನೂ ಒಳ್ಳೆಯದಾಯಿತು, ದೇವರಿಗೆ ನೋವೇ ಆಗುವುದಿಲ್ಲವಲ್ಲ. ಇಬ್ಬರಿಗೂ ಸಮಸಮನಾಗಿ ಏಟು ಹಾಕಿ ನೋಡುವುದೆಂದು ತೀರ್ಮಾನವಾಗುತ್ತದೆ.

ಇಬ್ಬರಿಗೂ ನೋವಾಗುತ್ತದೆ, ಇಬ್ಬರೂ ಬಚ್ಚಿಡುತ್ತಾರೆ. ಬಾಯಿಗೆ ಬಂದ ಚೀತ್ಕಾರವನ್ನು ಅರ್ಧದಲ್ಲೇ ತಿರುಗಿಸಿ ದೇವರ ಸ್ತೋತ್ರವೆಂದೋ ಹಳೆಯ ಪದ್ಯದ ನೆನಪೆಂದೋ ಸಾಗಹಾಕುತ್ತಾರೆ. ಬಾಗಿಲು ಕಾಯುವವನು ಕೊನೆಗೆ ಕೈಚೆಲ್ಲುತ್ತಾನೆ. ಒಳಗಿರುವ ಪಾತಾಳದ ಒಡೆಯನೂ ಒಡತಿಯೂ ದೇವತೆಗಳೇ ಆದ್ದರಿಂದ ಅವರೇ ಗುರುತು ಹಿಡಿಯಲಿ ಎಂದು ಇಬ್ಬರನ್ನೂ ಒಳಕ್ಕೆ ಬಿಡುತ್ತಾನೆ. ಎದುರು ಕುಳಿತು ನಗುತ್ತಿದ್ದ ಅಥೆನ್ಸಿನ ನಾಗರಿಕರಿಗೆ ಆ ಪರೀಕ್ಷೆ ಕಲ್ಪನೆಯದಾಗಿರಲಿಲ್ಲ. ಅವರ ನ್ಯಾಯಾಲಯಗಳ ಕಾನೂನೇ ಅದಾಗಿತ್ತು.

ಆ ಪರೀಕ್ಷೆಗೆ ಗ್ರೀಕರಲ್ಲಿದ್ದ ಕ್ರಿಯಾಪದ ‘ಬಸನಿಜೆಯಿನ್’. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಪದ ಬರುವ ಬಹುಪಾಲು ಕಡೆಗಳಲ್ಲಿ 1611ರ ಇಂಗ್ಲಿಷ್ ಬೈಬಲ್ ಇಡುವ ಪದ ‘ಟಾರ್ಮೆಂಟ್’. ಯಾತನೆ ಕೊಡು, ಚಿತ್ರಹಿಂಸೆ ಮಾಡು, ಜೀವ ಹಿಂಡು ಎಂದು ಇಂದು ಅರ್ಥ ಕೊಡುವ ಈ ಇಂಗ್ಲಿಷ್ ಕ್ರಿಯಾಪದದ ಹಿಂದೆ ಎರಡು ವಸ್ತುಗಳಿವೆ. ಒಂದು ಕಲ್ಲು, ಇನ್ನೊಂದು ಹಗ್ಗ. ನೋವಿನ ಬಗ್ಗೆ ಧರ್ಮಗಳು ಎರಡು ಸಾವಿರ ವರ್ಷಗಳಿಂದ ಹೇಳುತ್ತ ಬಂದಿರುವ ಮಾತುಗಳಲ್ಲಿ ಹೆಚ್ಚಿನವು ಈ ಎರಡರ ನಡುವೆ ಜಗ್ಗಾಡಿವೆ.

ಮೊದಲು ಕಲ್ಲು. ‘ಬಸನೊಸ್’ ಎಂದರೆ ಒರೆಗಲ್ಲು. ಪದದ ಹುಟ್ಟು ಈಜಿಪ್ಟಿನಲ್ಲಿ ಎಂಬುದು ವಿದ್ವಾಂಸರಲ್ಲಿ ಬಲವಾಗಿರುವ ಅಭಿಪ್ರಾಯ. ನೈಲ್ ನದಿಗೂ ಕೆಂಪು ಸಮುದ್ರಕ್ಕೂ ನಡುವಿನ ವಾದಿ ಹಮ್ಮಾಮತ್ ಕಣಿವೆಯಲ್ಲಿ ಈಜಿಪ್ಟಿನವರು ಅಗೆಯುತ್ತಿದ್ದ ಕಪ್ಪು ಛಾಯೆಯ ಗಟ್ಟಿ ಶಿಲೆಗೆ ‘ಬೆಖೆನ್’ ಎಂದು ಹೆಸರಿತ್ತು. ಆ ಹೆಸರೇ ಗ್ರೀಕರ ನಾಲಿಗೆಗೆ ಬರುವಷ್ಟರಲ್ಲಿ ಬಸನೊಸ್ ಆಯಿತು. ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾ ರಾಜ್ಯದಲ್ಲಿ ಪ್ಯಾಕ್ಟೋಲಸ್ ಹೊಳೆಯ ಮರಳಲ್ಲಿ ಚಿನ್ನ ಸಿಗುತ್ತಿತ್ತು. ಜಗತ್ತಿನ ಮೊದಲ ನಾಣ್ಯಗಳಲ್ಲಿ ಕೆಲವು ಅಲ್ಲಿಯವು. ಚಿನ್ನಕ್ಕೆ ಬೆಳ್ಳಿ ಬೆರೆತಿದೆಯೋ, ಬೆರೆತಿದ್ದರೆ ಎಷ್ಟು ಎಂದು ಒರೆ ಹಚ್ಚಿ ನೋಡುವ ಕಲ್ಲಿಗೆ ಲಿಡಿಯಾದ ಕಲ್ಲು ಎಂಬ ಹೆಸರೂ ಇತ್ತು. ಕೆಲಸದ ರೀತಿ ನಮ್ಮ ಚಿನಿವಾರರು ಮಾಡುವುದೇ: ಒಡವೆಯನ್ನು ಕಲ್ಲಿಗೆ ಉಜ್ಜಬೇಕು, ಶುದ್ಧತೆ ಗೊತ್ತಿರುವ ಚಿನ್ನದ ಗೆರೆಯನ್ನು ಪಕ್ಕದಲ್ಲಿ ಎಳೆಯಬೇಕು, ಎರಡರ ಬಣ್ಣ ಹೋಲಿಸಬೇಕು.

ಕಲ್ಲಿನಿಂದ ಮನುಷ್ಯನತ್ತ ಮಾತು ಜಾರಲು ತಡವಾಗಲಿಲ್ಲ. ಗ್ರೀಕ್ ಕವಿ ಥಿಯೋಗ್ನಿಸ್ ತನ್ನ ಸ್ನೇಹವನ್ನೇ ಒರೆಗೆ ಹಚ್ಚಿದ ಚಿನ್ನಕ್ಕೆ ಹೋಲಿಸಿಕೊಂಡ. ಅಲ್ಲಿಂದ ಪದ ನ್ಯಾಯಾಲಯಕ್ಕೆ ಹೋಯಿತು, ಹೋದಮೇಲೆ ಅದರ ಸ್ವಭಾವವೇ ಬದಲಾಯಿತು. ಅಥೆನ್ಸಿನಲ್ಲಿ ನಾಗರಿಕನ ಮೈಗೆ ಕೈ ಹಚ್ಚಿ ಹೇಳಿಕೆ ಪಡೆಯುವಂತಿರಲಿಲ್ಲ. ಗುಲಾಮನ ಸಾಕ್ಷ್ಯವಾದರೋ ಹಿಂಸೆ ಕೊಟ್ಟು ಪಡೆದಿದ್ದರೆ ಮಾತ್ರ ಸಾಧುವಾಗುತ್ತಿತ್ತು. ಸ್ವತಂತ್ರ ಮನುಷ್ಯನಿಗೆ ಮಾನದ ಭಯವಿದೆ, ಆದ್ದರಿಂದ ಪ್ರಮಾಣ ಸಾಕು. ಗುಲಾಮನ ಮಾತು ಮೈಯಿಂದ ಹೊರಡಬೇಕು ಎಂಬುದು ತರ್ಕ. ಚಾವಟಿ, ಮೈಯೆಳೆಯುವ ಯಂತ್ರ, ಮೂಗಿಗೆ ಹುಳಿದ್ರಾಕ್ಷಾರಸ, ಎದೆಯ ಮೇಲೆ ಇಟ್ಟಿಗೆಗಳ ಹೊರೆ: ಕ್ಸಾಂಥಿಯಸ್ ತನ್ನ ಒಡೆಯನಿಗಾಗಿ ಸೂಚಿಸುವ ಪಟ್ಟಿಯಲ್ಲಿ ಇವೆಲ್ಲ ಇವೆ. ಇದಿಷ್ಟಕ್ಕೂ ಹೆಸರು ಒರೆಗಲ್ಲು.

ಅಥೆನ್ಸಿನ ವಕೀಲರ ಭಾಷಣಗಳಲ್ಲಿ ಈ ಒರೆಗಲ್ಲಿನ ಹೊಗಳಿಕೆ ಮತ್ತೆ ಮತ್ತೆ ಬರುತ್ತದೆ. ಎದುರಾಳಿಗೆ ‘ನಿನ್ನ ಗುಲಾಮರನ್ನು ಹಿಂಸೆಯ ವಿಚಾರಣೆಗೆ ಒಪ್ಪಿಸು’ ಎಂದು ಸವಾಲು ಹಾಕುವುದು ವಾಡಿಕೆಯಾಗಿತ್ತು. ಉಳಿದು ಬಂದಿರುವ ಭಾಷಣಗಳಲ್ಲಿ ಸವಾಲುಗಳು ಹೇರಳ, ಅವು ಜಾರಿಯಾದ ಪ್ರಸಂಗ ಹುಡುಕಿದರೂ ಸಿಗುವುದು ಕಷ್ಟ. ಆಂಟಿಫೋನ್ ಬರೆದುಕೊಟ್ಟ ಒಂದು ಭಾಷಣದಲ್ಲಂತೂ ಮಾತು ನೇರವಾಗಿದೆ: ಹಿಂಸೆಗೆ ಸಿಕ್ಕವನು ಹಿಂಸಿಸುವವನಿಗೆ ಬೇಕಾದದ್ದನ್ನೇ ಹೇಳುತ್ತಾನೆ, ಏಕೆಂದರೆ ಬಿಡುಗಡೆ ಅವನ ಕೈಯಲ್ಲಿದೆ. ಅರಿಸ್ಟಾಟಲ್ ತನ್ನ ವಾಗ್ಮಿತೆಯ ಗ್ರಂಥದಲ್ಲಿ ಇದನ್ನೇ ಸಿದ್ಧಾಂತವಾಗಿ ಇಟ್ಟ: ಬಲವಂತಕ್ಕೆ ಬಿದ್ದವರ ಬಾಯಲ್ಲಿ ಸುಳ್ಳು ಬರುವ ಸಾಧ್ಯತೆ ನಿಜಕ್ಕಿಂತ ಕಡಿಮೆಯೇನಲ್ಲ. ಅಂದರೆ ಒರೆಗಲ್ಲು ಗೆರೆ ತೋರಿಸುವುದಿಲ್ಲವೆಂದು ಆ ಕಾಲದಲ್ಲೇ ಗೊತ್ತಿತ್ತು. ಗೊತ್ತಿದ್ದೂ ಬಳಕೆ ನಿಲ್ಲಲಿಲ್ಲ.

ಇನ್ನು ಹಗ್ಗ. ಲ್ಯಾಟಿನ್‌ನಲ್ಲಿ ‘ಟೊರ್ಕ್ವೇರೆ’ ಎಂದರೆ ತಿರುಚು, ಹುರಿ ಮಾಡು. ಮೆಕ್ಯಾನಿಕ್‌ಗಳು ನಟ್ಟು ಬಿಗಿಯುವಾಗ ಹೇಳುವ ‘ಟಾರ್ಕ್’ ಅದೇ ಬೇರಿನದು. ಹಿಂಡಿ ಹಣ ಕಸಿಯುವುದಕ್ಕೆ ಇಂಗ್ಲಿಷಿನಲ್ಲಿರುವ ‘ಎಕ್ಸ್‌ಟಾರ್ಟ್’, ವಿರೂಪಗೊಳಿಸುವುದಕ್ಕಿರುವ ‘ಡಿಸ್ಟಾರ್ಟ್’ ಕೂಡ ಅದರ ಮಕ್ಕಳೇ. ತಿರುಚಿ ಬಿಗಿಗೊಳಿಸಿದ ಸ್ನಾಯುತಂತು ಅಥವಾ ಕೂದಲಿನ ಹಗ್ಗದ ಬಲದಿಂದ ಕಲ್ಲು, ಬಾಣ ಎಸೆಯುವ ಯುದ್ಧಯಂತ್ರಕ್ಕೆ ರೋಮನರು ‘ಟೊರ್ಮೆಂಟುಮ್’ ಎಂದರು. ಮುತ್ತಿಗೆಯ ಸಮಯದಲ್ಲಿ ಯಂತ್ರದ ಹಗ್ಗಕ್ಕೆ ರೋಮಿನ ಹೆಂಗಸರು ತಮ್ಮ ಕೂದಲು ಕತ್ತರಿಸಿ ಕೊಟ್ಟರೆಂಬ ಕಥೆಯನ್ನು ಸೇನಾಶಾಸ್ತ್ರ ಬರೆದ ವೆಗೆಟಿಯಸ್ ಹೇಳುತ್ತಾನೆ. ಅದೇ ಹುರಿಹಗ್ಗದ ತತ್ವ ಮನುಷ್ಯನ ಕೈಕಾಲಿಗೆ ಬಂದಾಗ ಅದಕ್ಕೂ ಅದೇ ಹೆಸರು. ಹಳೆಯ ಫ್ರೆಂಚಿನ ದಾರಿಯಲ್ಲಿ ಪದ ಇಂಗ್ಲಿಷನ್ನು ಸೇರಿದ್ದು 13ನೇ ಶತಮಾನದ ಕೊನೆಯ ಹೊತ್ತಿಗೆ.

ಕಲ್ಲು ಮತ್ತು ಹಗ್ಗ ಗಂಟುಬಿದ್ದದ್ದು ಲ್ಯಾಟಿನ್ ಬೈಬಲಿನಲ್ಲಿ. ಮತ್ತಾಯನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಶತಾಧಿಪತಿಯೊಬ್ಬ ಯೇಸುವಿನ ಬಳಿ ಬಂದು, ತನ್ನ ಆಳು ಪಾರ್ಶ್ವವಾಯುವಿನಿಂದ ಮಲಗಿ ಬಹಳ ನರಳುತ್ತಿದ್ದಾನೆಂದು ಹೇಳಿಕೊಳ್ಳುತ್ತಾನೆ. ಅಲ್ಲಿನ ಗ್ರೀಕ್ ಕ್ರಿಯಾಪದ ಒರೆಗಲ್ಲಿನದು. 4ನೇ ಶತಮಾನದ ಕೊನೆಯಲ್ಲಿ ಜೆರೋಮ್ ಸಿದ್ಧಗೊಳಿಸಿದ ಲ್ಯಾಟಿನ್ ಪಾಠದಲ್ಲಿ ಅದು ತಿರುಚುವ ಕ್ರಿಯಾಪದವಾಗುತ್ತದೆ. ಗ್ರೀಕ್ ಪದ ನೋವಿನ ಉದ್ದೇಶವನ್ನು ಹೇಳುತ್ತಿತ್ತು: ನಿಜ ತಿಳಿಯಲೆಂದು. ಲ್ಯಾಟಿನ್ ಪದ ಉದ್ದೇಶ ಬಿಟ್ಟು ವಿಧಾನವನ್ನಷ್ಟೇ ಹೇಳುತ್ತದೆ. ಶತಾಧಿಪತಿಯ ಆಳಿನ ಮಟ್ಟಿಗೆ ಲ್ಯಾಟಿನ್ನೇ ಪ್ರಾಮಾಣಿಕ. ಪಾರ್ಶ್ವವಾಯು ಅವನಿಂದ ಯಾವ ನಿಜವನ್ನೂ ಹೊರಡಿಸುತ್ತಿರಲಿಲ್ಲ.

ಆದರೆ ಒರೆಗಲ್ಲಿನ ವಿಚಾರ ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ, ಏಕೆಂದರೆ ಅದು ನೊಂದವರಿಗೆ ಆಸರೆಯೂ ಆಗಿದೆ. ಕಷ್ಟ ಬಂದಾಗ ‘ದೇವರು ಪರೀಕ್ಷೆ ಮಾಡುತ್ತಿದ್ದಾನೆ’ ಎನ್ನದ ಊರಿಲ್ಲ. ಕುಲುಮೆಯಲ್ಲಿ ಪುಟಕ್ಕಿಟ್ಟ ಚಿನ್ನದ ಹೋಲಿಕೆ ಯೆಹೂದ್ಯರಲ್ಲಿ, ಕ್ರೈಸ್ತರಲ್ಲಿ, ನಮ್ಮಲ್ಲಿ ಸಮನಾಗಿ ಸಿಗುತ್ತದೆ. ಕ್ರಿಸ್ತಶಕದ ಆರಂಭದ ಆಸುಪಾಸಿನ ‘ಸೊಲೊಮೋನನ ಜ್ಞಾನ’ ಎಂಬ ಗ್ರೀಕ್ ಗ್ರಂಥ ಒಂದೇ ಅಧ್ಯಾಯದಲ್ಲಿ ಎರಡೂ ಮಾತು ಹೇಳುತ್ತದೆ: ದೇವರ ಕೈಯಲ್ಲಿರುವ ನೀತಿವಂತರ ಆತ್ಮಗಳನ್ನು ಯಾವ ಬಸನೊಸ್ ಕೂಡ ಮುಟ್ಟಲಾರದು, ಆದರೂ ದೇವರು ಅವರನ್ನು ಕುಲುಮೆಯ ಚಿನ್ನದಂತೆ ಶೋಧಿಸಿ ಸ್ವೀಕರಿಸಿದ.

ಈ ವಿಚಾರವನ್ನು ಅದರ ತುದಿಯವರೆಗೂ ಎಳೆದು ನೋಡಿದ್ದು ಬೈಬಲಿನ ಯೋಬನ ಗ್ರಂಥ. ಊಚ್ ದೇಶದ ಯೋಬ ನಿರ್ದೋಷಿ. ಸೈತಾನ ದೇವರ ಸಭೆಯಲ್ಲಿ ತಕರಾರು ತೆಗೆಯುತ್ತಾನೆ: ಇವನ ಭಕ್ತಿ ಸುಖದ ಭಕ್ತಿ, ಎಲ್ಲ ಕಿತ್ತುಕೊಂಡು ನೋಡಿದರೆ ಬಣ್ಣ ಬಯಲಾಗುತ್ತದೆ. ಕನ್ನಡದ ಓದುಗನಿಗೆ ಇಲ್ಲಿ ರಾಘವಾಂಕನ ಹರಿಶ್ಚಂದ್ರ ನೆನಪಾಗದೆ ಇರುವುದಿಲ್ಲ. ಅಲ್ಲಿ ದೇವೇಂದ್ರನ ಸಭೆ, ವಸಿಷ್ಠ ವಿಶ್ವಾಮಿತ್ರರ ಪಂತ; ಪಣಕ್ಕೆ ಬಿದ್ದವನಿಗೆ ಮಾತ್ರ ಪಂತದ ಸುದ್ದಿಯೇ ಇಲ್ಲ. ರಾಜ್ಯ ಹೋಗುತ್ತದೆ, ಹೆಂಡತಿ ಮಗ ಮಾರಾಟವಾಗುತ್ತಾರೆ, ಲೋಹಿತಾಶ್ವ ಹಾವು ಕಚ್ಚಿ ಸಾಯುತ್ತಾನೆ. ಯೋಬನಿಗೂ ದನಕರು, ಆಳುಕಾಳು ಹೋಗಿ, ಒಂದೇ ದಿನ ಹತ್ತು ಮಕ್ಕಳು ಮನೆ ಕುಸಿದು ಸಾಯುತ್ತಾರೆ. ಆಮೇಲೆ ಮೈತುಂಬ ಹುಣ್ಣು.

ಎರಡು ಕಥೆಗಳೂ ಸುಖಾಂತ್ಯವೇ, ಆದರೆ ಒಂದೇ ಬಗೆಯದಲ್ಲ. ಹರಿಶ್ಚಂದ್ರನಿಗೆ ಲೋಹಿತಾಶ್ವ ಮರಳಿ ಬದುಕುತ್ತಾನೆ. ಸತ್ತ ಮಗುವೇ ಎದ್ದು ಕೂರುತ್ತದೆ. ಪರೀಕ್ಷೆ ಪರೀಕ್ಷೆಯಾಗಿಯೇ ಉಳಿಯುತ್ತದೆ, ಚಿನ್ನವನ್ನು ಉಜ್ಜಿ ನೋಡಿ ಒಡೆಯನಿಗೆ ಹಿಂತಿರುಗಿಸಿದಂತಾಗುತ್ತದೆ. ಯೋಬನಿಗೆ ದನಕರು ಎರಡರಷ್ಟಾಗುತ್ತವೆ, ಮತ್ತೆ ಏಳು ಗಂಡು ಮೂರು ಹೆಣ್ಣು ಹುಟ್ಟುತ್ತವೆ. ಸತ್ತ ಹತ್ತು ಮಕ್ಕಳು ಸತ್ತವರೇ. ಅವರ ಹೆಸರೂ ಗ್ರಂಥದಲ್ಲಿಲ್ಲ. ಹೊಸ ಮಕ್ಕಳು ಹಳೆಯವರ ಲೆಕ್ಕಕ್ಕೆ ಸಮವೆಂದು ಯಾವ ತಾಯಿಯೂ ಒಪ್ಪುವುದಿಲ್ಲ.

ಒರೆಗಲ್ಲಿನ ಹೋಲಿಕೆ ಮುರಿದುಬೀಳುವುದು ಇಲ್ಲೇ. ಕಲ್ಲಿಗೆ ಉಜ್ಜಿದ ಚಿನ್ನ ಉಜ್ಜುವ ಮೊದಲು ಇದ್ದಂತೆಯೇ ಇರುತ್ತದೆ, ಕಳೆದುಕೊಳ್ಳುವುದು ಕಣ್ಣಿಗೆ ಕಾಣದಷ್ಟು ಪುಡಿ. ಆದ್ದರಿಂದಲೇ ಗೆರೆ ನೋಡಿ ಒಡವೆಯ ಗುಣ ಹೇಳಬಹುದು. ನೋವು ಮುಟ್ಟಿದ ಮನುಷ್ಯ ಮೊದಲಿದ್ದ ಮನುಷ್ಯನಲ್ಲ. ನೋವು ಅವನಲ್ಲಿ ಇದ್ದದ್ದನ್ನು ಹೊರಗೆ ತರುವುದಿಲ್ಲ, ಇಲ್ಲದ್ದನ್ನು ಮಾಡುತ್ತದೆ, ಇದ್ದದ್ದನ್ನು ಮುರಿಯುತ್ತದೆ. ಒಬ್ಬ ತಾಳಿಕೊಂಡ ಮಾತ್ರಕ್ಕೆ ಅವನು ಮೊದಲೇ ಅಪ್ಪಟ ಚಿನ್ನವಾಗಿದ್ದನೆಂದಾಗಲೀ, ಕುಸಿದವನು ಮೊದಲಿನಿಂದ ಹಿತ್ತಾಳೆಯೆಂದಾಗಲೀ ಹೇಳಲು ಬರುವುದಿಲ್ಲ.

ಯೋಬನ ಗ್ರಂಥ ಬರೆದವನಿಗೆ ಇದು ಗೊತ್ತಿತ್ತು ಎನಿಸುತ್ತದೆ. ಶೋಧಿಸಿದರೆ ಚಿನ್ನವಾಗಿ ಹೊರಬರುವೆನೆಂದು ಯೋಬನೇ ಒಮ್ಮೆ ಹೇಳುತ್ತಾನೆ, ನಿಜ. ಆದರೆ ಅವನು ಇಡೀ ಗ್ರಂಥದಲ್ಲಿ ಕೇಳುವುದು ಪರೀಕ್ಷೆಯನ್ನಲ್ಲ, ವಿಚಾರಣೆಯನ್ನು: ದೇವರು ಎದುರು ನಿಲ್ಲಲಿ, ಆರೋಪವೇನೆಂದು ಹೇಳಲಿ. ಸಮಾಧಾನ ಹೇಳಲು ಬಂದ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ನೋವನ್ನು ಗೆರೆಯಂತೆ ಓದಿ ಅವನ ಪಾಪವನ್ನು ಲೆಕ್ಕಹಾಕುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ತಿರುಗುವುದು ದೂರಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ಮಾಡಿದ ಈ ಮೂವರ ಮೇಲೆ. ಪಂತ ಕಟ್ಟಿದ ಸೈತಾನನಾದರೋ ಎರಡನೆಯ ಅಧ್ಯಾಯದ ನಂತರ ಪತ್ತೆಯೇ ಇಲ್ಲ. ಗೆದ್ದವರಾರು ಎಂದು ಯಾರೂ ಘೋಷಿಸುವುದಿಲ್ಲ.

ಕ್ರೈಸ್ತಧರ್ಮದ ಚರಿತ್ರೆ ಈ ಕ್ರಿಯಾಪದದ ಎರಡೂ ಬದಿಯನ್ನು ಕಂಡಿದೆ. ಸುಮಾರು ಕ್ರಿಸ್ತಶಕ 112ರಲ್ಲಿ ಕಪ್ಪು ಸಮುದ್ರದ ದಂಡೆಯ ಬಿಥಿನಿಯಾ ಪಾಂಟಸ್ ಪ್ರಾಂತ್ಯದ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರೇಜನ್ನನಿಗೆ ಬರೆದ ಪತ್ರದಲ್ಲಿ ಹೊಸ ಪಂಥದ ಬಗ್ಗೆ ನಿಜ ತಿಳಿಯಲು ತಾನು ಮಾಡಿದ್ದನ್ನು ವರದಿ ಮಾಡುತ್ತಾನೆ. ಸಭೆಯ ಸೇವಕಿಯರೆನಿಸಿದ್ದ ಇಬ್ಬರು ಗುಲಾಮ ಹೆಂಗಸರನ್ನು ಹಿಂಸೆಯ ವಿಚಾರಣೆಗೆ ಒಳಪಡಿಸಿದನಂತೆ. ಅವನು ಬಳಸುವ ಪದ ‘ಟೊರ್ಮೆಂಟ’. ಸಿಕ್ಕಿದ್ದು ಅತಿಯಾದ ಮೂಢನಂಬಿಕೆ ಮಾತ್ರ ಎಂದು ಅವನ ಷರಾ. ಆ ಇಬ್ಬರ ಹೆಸರು ಕೂಡ ಪತ್ರದಲ್ಲಿ ಇಲ್ಲ. 2ನೇ ಶತಮಾನದ ಕೊನೆಗೆ ಕಾರ್ಥೇಜಿನ ಟೆರ್ಟುಲಿಯನ್ ಇದೇ ಪದ್ಧತಿಯ ಬುಡಕ್ಕೆ ಕೈ ಹಾಕಿದ. ಬೇರೆಲ್ಲ ಆರೋಪಿಗಳನ್ನು ತಪ್ಪೊಪ್ಪಿಕೊಳ್ಳಲಿ ಎಂದು ಹಿಂಸಿಸುತ್ತೀರಿ, ಕ್ರೈಸ್ತರು ತಾವಾಗಿ ಒಪ್ಪಿಕೊಂಡಾಗ ಅಲ್ಲವೆನ್ನಲಿ ಎಂದು ಹಿಂಸಿಸುತ್ತೀರಿ. ಹಾಗಾದರೆ ನಿಮಗೆ ಬೇಕಾದದ್ದು ನಿಜವೋ ಸುಳ್ಳೋ ಎಂಬುದು ಅವನ ಪ್ರಶ್ನೆಯ ಸಾರ. ರೋಮಿನ ಕಾನೂನುಪಂಡಿತ ಉಲ್ಪಿಯನ್ ಕೂಡ ಇದು ನಂಬಲಾರದ, ಅಪಾಯದ ಉಪಾಯವೆಂದೇ ಬರೆದ: ಗಟ್ಟಿಗ ಎಷ್ಟು ತಿರುಚಿದರೂ ಬಾಯಿ ಬಿಡುವುದಿಲ್ಲ, ದುರ್ಬಲ ಯಾವ ಸುಳ್ಳಿಗೂ ಸಿದ್ಧ.

ಒಂದು ಸಾವಿರ ವರ್ಷ ಕಳೆದ ಮೇಲೆ ಟೆರ್ಟುಲಿಯನ್ನನ ಪ್ರಶ್ನೆಯನ್ನು ಅವನ ಧರ್ಮದವರಿಗೇ ಕೇಳುವ ಕಾಲ ಬಂತು. ಅಲ್ಲಿಯವರೆಗೆ ಯುರೋಪಿನಲ್ಲಿ ಕಾಯಿಸಿದ ಕಬ್ಬಿಣ ಹಿಡಿಸುವುದು, ನೀರಲ್ಲಿ ಮುಳುಗಿಸುವುದು ಮುಂತಾದ ದಿವ್ಯಪರೀಕ್ಷೆಗಳು ನಡೆಯುತ್ತಿದ್ದವು. ಕರ್ನಾಟಕಕ್ಕೆ ಇದು ಹೊಸ ಸಂಗತಿಯಲ್ಲ. ಕಲ್ಯಾಣದಲ್ಲಿ ಚಾಳುಕ್ಯ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ವಿಜ್ಞಾನೇಶ್ವರ ತಕ್ಕಡಿ, ಬೆಂಕಿ, ನೀರು, ವಿಷ, ಕೋಶವೆಂಬ ಐದು ದಿವ್ಯಗಳನ್ನು ವಿವರವಾಗಿ ಚರ್ಚಿಸುತ್ತಾನೆ. ಸಾಕ್ಷಿ, ಪತ್ರ ಸಿಗುವಾಗ ದಿವ್ಯ ಬೇಡ ಎಂಬುದು ಅಲ್ಲಿನ ನಿಯಮ. ಹೆಂಗಸರು, ಮಕ್ಕಳು, ಮುದುಕರು, ಕುರುಡರು, ಕುಂಟರು, ರೋಗಿಗಳು ಮತ್ತು ಬ್ರಾಹ್ಮಣರಿಗೆ ತಕ್ಕಡಿ ಮಾತ್ರ. 12ನೇ ಶತಮಾನದ ಕಿತ್ತೂರಿನ ಶಾಸನವೊಂದು ಜಮೀನಿನ ವ್ಯಾಜ್ಯ ಫಾಲದಿವ್ಯಕ್ಕೆ ಹೋದದ್ದನ್ನು, ಎಂದರೆ ಕಾಯಿಸಿದ ನೇಗಿಲ ಗುಳವನ್ನು ಹಿಡಿಯುವ ಪರೀಕ್ಷೆಯನ್ನು ದಾಖಲಿಸಿದೆ. ದಿವ್ಯದಲ್ಲಿ ಸಾಕ್ಷಿ ಹೇಳುವವನು ದೇವರು, ಆರೋಪಿಯ ಬಾಯಿಗೆ ಕೆಲಸವಿಲ್ಲ. ಚಿತ್ರಹಿಂಸೆಗೂ ಅದಕ್ಕೂ ಇರುವ ಅಂತರ ಅದು.

1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ದಿವ್ಯಗಳಿಗೆ ಪಾದ್ರಿಗಳ ಆಶೀರ್ವಾದ ಇರಕೂಡದೆಂದು ನಿಷೇಧಿಸಿತು. ಒಳ್ಳೆಯ ಹೆಜ್ಜೆ. ಆದರೆ ದೇವರ ಸಾಕ್ಷಿ ಹೋದ ಜಾಗಕ್ಕೆ ಬಂದದ್ದು ಆರೋಪಿಯ ತಪ್ಪೊಪ್ಪಿಗೆ, ಅದನ್ನು ಹೊರಡಿಸಲು ಮತ್ತೆ ಹುರಿಹಗ್ಗ. 1252ರಲ್ಲಿ ನಾಲ್ಕನೆಯ ಇನ್ನೊಸೆಂಟ್ ಪೋಪ್ ಧರ್ಮದ್ರೋಹದ ಆರೋಪಿಗಳ ಮೇಲೆ ಹಿಂಸೆ ಬಳಸಲು ಅನುಮತಿ ಕೊಟ್ಟರು. ಅಂಗ ಮುರಿಯಬಾರದು, ಪ್ರಾಣಕ್ಕೆ ಅಪಾಯವಾಗಬಾರದು ಎಂಬ ಷರತ್ತು ಅದರಲ್ಲೇ ಇದೆ. ಆತ್ಮದ ರಕ್ಷಣೆಗಾಗಿ ಮೈ ತಿರುಚುವುದನ್ನು ಅಳತೆಗೋಲು ಹಿಡಿದು ಕಾನೂನಾಗಿ ಬರೆದ ಆ ಷರತ್ತು ಓದುವಾಗ ಎದೆ ನಡುಗುತ್ತದೆ. ಕ್ರೌರ್ಯ ಅದರಲ್ಲಿ ಕೂಗಾಡುವುದಿಲ್ಲ, ಕಾಳಜಿಯ ದನಿಯಲ್ಲಿ ಮಾತಾಡುತ್ತದೆ.

ಒಳಗಿನಿಂದಲೇ ಎದ್ದ ದನಿಯೂ ಇದೆ. ಫ್ರೀಡ್ರಿಖ್ ಸ್ಪೇ ಜರ್ಮನಿಯ ಜೆಸ್ವಿಟ್ ಪಾದ್ರಿ, ಕವಿ. ಮಾಟಗಾತಿಯರೆಂದು ತೀರ್ಪಾದ ಹೆಂಗಸರ ಕೊನೆಯ ಪಾಪನಿವೇದನೆ ಕೇಳುವ ಕೆಲಸ ಅವನ ಪಾಲಿಗೆ ಬಂತು. 1631ರಲ್ಲಿ ಹೆಸರು ಹಾಕದೆ ‘ಕೌತಿಯೊ ಕ್ರಿಮಿನಾಲಿಸ್’ ಎಂಬ ಲ್ಯಾಟಿನ್ ಪುಸ್ತಕ ಪ್ರಕಟಿಸಿದ. ಅವನ ವಾದ ಸರಳ: ಹಿಂಸೆಗೆ ಗುರಿಯಾದ ಪ್ರತಿಯೊಬ್ಬಳೂ ಒಪ್ಪಿಕೊಳ್ಳುತ್ತಾಳೆ, ಒಪ್ಪಿಕೊಂಡವಳು ಇನ್ನಷ್ಟು ಹೆಸರು ಹೇಳುತ್ತಾಳೆ, ಆ ಹೆಸರಿನವರೂ ಹಗ್ಗಕ್ಕೆ ಹೋಗುತ್ತಾರೆ. ಹೀಗೆ ಮಾಟಗಾತಿಯರನ್ನು ಹುಟ್ಟಿಸುತ್ತಿರುವುದು ಹಿಂಸೆಯೇ. ನ್ಯಾಯಾಧೀಶರು, ಪಾದ್ರಿಗಳು ಇನ್ನೂ ಮಾಟಗಾರರಾಗದಿದ್ದರೆ ಕಾರಣ ಅವರನ್ನು ಯಾರೂ ಹಿಂಸಿಸಿಲ್ಲ ಎಂಬುದಷ್ಟೆ. ಇಷ್ಟು ಚಿಕ್ಕ ವಯಸ್ಸಿಗೇ ಕೂದಲು ಏಕೆ ನರೆಯಿತೆಂದು ಕೇಳಿದ ಯೋಹಾನ್ ಫಿಲಿಪ್ ಫಾನ್ ಷೋನ್‌ಬೋರ್ನ್‌ಗೆ, ಬೆಂಕಿಯ ತನಕ ತಾನು ಜೊತೆ ನಡೆದ ನಿರಪರಾಧಿ ಹೆಂಗಸರಿಂದ ಎಂದು ಸ್ಪೇ ಉತ್ತರಿಸಿದನಂತೆ. ಷೋನ್‌ಬೋರ್ನ್ ಮುಂದೆ ಮೈನ್ಸ್‌ನ ಆರ್ಚ್‌ಬಿಷಪ್ ಆಗಿ ತನ್ನ ಸೀಮೆಯಲ್ಲಿ ಮಾಟಗಾತಿಯರ ದಹನವನ್ನು ನಿಲ್ಲಿಸಿದ. ಸ್ಪೇಯ ಈ ಸಂಗತಿಯನ್ನು ಉಳಿಸಿಕೊಟ್ಟವನು ತತ್ವಜ್ಞಾನಿ ಲೈಬ್ನಿಟ್ಸ್. ಅವನು ಸ್ಪೇಯನ್ನು ನೆನೆಯುವುದು 1710ರ ‘ಥಿಯೋಡಿಸಿ’ಯಲ್ಲಿ, ಅಂದರೆ ಲೋಕದಲ್ಲಿ ಇಷ್ಟು ದುಃಖವಿದ್ದೂ ದೇವರು ನ್ಯಾಯವಂತನೆಂದು ಸಾಧಿಸಲು ಬರೆದ ಗ್ರಂಥದಲ್ಲಿ. ದೇವರ ನ್ಯಾಯದ ವಾದದ ನಡುವೆ ಮನುಷ್ಯರ ಅನ್ಯಾಯ ಬಯಲಿಗೆಳೆದವನ ಹೆಸರು ಬಂದದ್ದು ಆ ಗ್ರಂಥದ ಭಾಗ್ಯ.

ನರಕದ ವಿಷಯ ಬಿಡುವಂತಿಲ್ಲ, ಏಕೆಂದರೆ ಸಾಮಾನ್ಯ ಕ್ರೈಸ್ತನ ಕಿವಿಗೆ ಈ ಪದ ಹೆಚ್ಚು ಬಿದ್ದದ್ದು ಅಲ್ಲಿಂದ. ಲೂಕನ ಸುವಾರ್ತೆಯ ಐಶ್ವರ್ಯವಂತ ಸತ್ತು ಕಣ್ಣೆತ್ತಿ ನೋಡುವುದು ‘ಬಸನೊಸ್’ಗಳ ನಡುವಿನಿಂದ. ಆದರೆ ಅಲ್ಲಿ ಯಾವ ನಿಜ ಹೊರಡಬೇಕಾಗಿದೆ? ಎಲ್ಲ ಬಲ್ಲವನಿಗೆ ಒರೆಗಲ್ಲು ಏತಕ್ಕೆ? ಧರ್ಮಶಾಸ್ತ್ರಜ್ಞ ಅಗಸ್ಟೀನ್ ‘ದೇವನಗರ’ ಎಂಬ ಗ್ರಂಥದ 21ನೆಯ ಭಾಗದಲ್ಲಿ, ದೇಹ ಸುಟ್ಟುಹೋಗದೆ ಎಂದೆಂದಿಗೂ ಉರಿಯಲು ಸಾಧ್ಯವೆಂದು ತೋರಿಸಲು ಬೆಂಕಿಯಲ್ಲಿ ಬದುಕುವ ಸಾಲಮಾಂಡರ್, ಕೊಳೆಯದ ನವಿಲಿನ ಮಾಂಸ ಎಂದು ಉದಾಹರಣೆಗಳನ್ನು ಕೊಡುತ್ತ ಹೋಗುತ್ತಾನೆ. ಅದಕ್ಕಿಂತ ಹಿಂದೆ, 380ರ ಆಸುಪಾಸಿನಲ್ಲಿ, ನಿಸ್ಸಾದ ಬಿಷಪ್ ಗ್ರೆಗರಿ ತನ್ನ ಅಕ್ಕ ಮಕ್ರಿನಾಳ ಮರಣಶಯ್ಯೆಯ ಪಕ್ಕದಲ್ಲಿ ನಡೆದ ಸಂವಾದವಾಗಿ ಬರೆದದ್ದು ಬೇರೆಯೇ. ನೋಯಿಸುವುದು ದೇವರ ಉದ್ದೇಶವಲ್ಲ ಎನ್ನುತ್ತಾಳೆ ಮಕ್ರಿನಾ. ಅವನು ಆತ್ಮವನ್ನು ತನ್ನತ್ತ ಸೆಳೆದುಕೊಳ್ಳುತ್ತಾನೆ, ಅದಕ್ಕೆ ಮೆತ್ತಿಕೊಂಡಿರುವ ಕೆಸರು ಕಿತ್ತುಬರುವಾಗ ನೋವಾಗುತ್ತದೆ. ಗುರಿ ಸೆಳೆಯುವುದು, ನೋವು ಜೊತೆಯಲ್ಲಿ ಬರುವಂಥದ್ದು. ಒಪ್ಪಬೇಕೆಂದಿಲ್ಲ, ಆದರೆ ಸಾಯುತ್ತಿರುವ ಒಬ್ಬ ಹೆಂಗಸಿನ ಬಾಯಲ್ಲಿ ಅಗಸ್ಟೀನನ ದೇವರಿಗಿಂತ ದೊಡ್ಡ ದೇವರಿದ್ದಾನೆ.

ನೋವು ನಿಜ ಹೊರಡಿಸುತ್ತದೆಯೇ ಎಂಬ ಚರ್ಚೆ ಭಾರತದ ಠಾಣೆ, ಕಚೇರಿಗಳಿಗೂ ಬಂತು, ಧರ್ಮದ ಹೆಸರಿಲ್ಲದೆ. 1855ರಲ್ಲಿ ಮದರಾಸು ಪ್ರಾಂತ್ಯದ ಹಿಂಸಾ ಆಯೋಗ ತನ್ನ ವರದಿ ಕೊಟ್ಟಿತು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಸರ್ಕಾರಿ ನೌಕರರು ಬಳಸುತ್ತಿದ್ದ ಉಪಾಯಗಳು ಅದರಲ್ಲಿ ದಾಖಲಾದವು: ಬೆರಳುಗಳನ್ನು ಎರಡು ಮರದ ಪಟ್ಟಿಗಳ ನಡುವೆ ಅದುಮುವ ‘ಕಿಟ್ಟಿ’, ಬಗ್ಗಿಸಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದು, ಹೀಗೆ. ಕೆನರಾ, ಬಳ್ಳಾರಿ ಜಿಲ್ಲೆಗಳು ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಸೆಕ್ಷನ್ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಾಗದು ಎಂದಿತು. 2023ರ ಹೊಸ ಕಾಯ್ದೆಯಲ್ಲೂ ಆ ನಿಯಮ ಉಳಿದಿದೆ. ಮುಂದೆ ನೋವಿಲ್ಲದ ಒರೆಗಲ್ಲಿನ ಆಸೆ ಹುಟ್ಟಿತು. ಮಂಪರು ಬರಿಸುವ ಔಷಧ ಚುಚ್ಚಿ ಮಾತಾಡಿಸುವ ಪರೀಕ್ಷೆಗೆ 2000ದ ದಶಕದಲ್ಲಿ ಬೆಂಗಳೂರು ದೇಶಕ್ಕೇ ಹೆಸರಾಯಿತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಾಡುವ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮೆದುಳಿನ ತರಂಗ ಪರೀಕ್ಷೆ ಮೂರೂ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದನೆ ಮಾತ್ರ ಕೊಡಲಿಲ್ಲ.

ಈ ಕ್ರಿಯಾಪದದ ಬೇರು ಮೈಯಲ್ಲೇ ಕಂಡವನೊಬ್ಬ ಅದನ್ನು ಬರೆದಿಟ್ಟಿದ್ದಾನೆ. ಆಸ್ಟ್ರಿಯಾದಲ್ಲಿ ಹುಟ್ಟಿದ ಯೆಹೂದಿ ಲೇಖಕ ಜಾನ್ ಆಮೆರಿಯನ್ನು 1943ರ ಜುಲೈನಲ್ಲಿ ನಾಜಿಗಳು ಬ್ರಸೆಲ್ಸಿನಲ್ಲಿ ಹಿಡಿದರು. ತಪ್ಪು, ಕರಪತ್ರ ಹಂಚಿದ್ದು. ಬ್ರೇನ್‌ಡೊಂಕ್ ಕೋಟೆಯಲ್ಲಿ ಅವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸರಪಳಿಯ ಕೊಕ್ಕೆಗೆ ಸಿಕ್ಕಿಸಿ ಮೇಲೆತ್ತಿದರು. ಭುಜದ ಕೀಲುಗಳು ತಪ್ಪಿ, ತೋಳುಗಳು ತಲೆಯ ಮೇಲಕ್ಕೆ ತಿರುಚಿಕೊಂಡವು. ಟಾರ್ಚರ್ ಎಂಬ ಪದ ತಿರುಚುವ ಲ್ಯಾಟಿನ್ ಪದದಿಂದ ಬಂದದ್ದೆಂಬ ಪದಶಾಸ್ತ್ರದ ಪಾಠ ಆ ಕ್ಷಣ ಕಣ್ಣೆದುರಿಗೆ ನಡೆಯಿತೆಂದು 1966ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಹೇಳುತ್ತಾನೆ. ಅವರಿಗೆ ಬೇಕಿದ್ದದ್ದು ಸಂಗಾತಿಗಳ ಹೆಸರು. ಅವನಿಗೆ ಗೊತ್ತಿದ್ದದ್ದು ಗುಪ್ತನಾಮಗಳು ಮಾತ್ರ. ಗೊತ್ತಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದು ಮುಚ್ಚಿಡದೆ ಬರೆದಿದ್ದಾನೆ. ತನ್ನ ಮೇಲೆ ತಾನೇ ಇಲ್ಲದ ಅಪರಾಧಗಳನ್ನು ಹೊರಿಸಿಕೊಂಡ. ಹಾಗಾದರೆ ಅವನು ಹೇಡಿಯೋ, ವೀರನೋ? ಗೆರೆ ಏನನ್ನೂ ಹೇಳುವುದಿಲ್ಲ. ಅವನು ಸಂಗಾತಿಗಳನ್ನು ಉಳಿಸಿದ್ದು ಧೈರ್ಯದಿಂದಲ್ಲ, ಹೆಸರು ಗೊತ್ತಿಲ್ಲದ್ದರಿಂದ. ಒಮ್ಮೆ ಹಿಂಸೆಗೆ ಸಿಕ್ಕವನು ಮತ್ತೆಂದೂ ಲೋಕವನ್ನು ತನ್ನ ಮನೆಯೆಂದು ನಂಬಲಾರ ಎಂಬುದು ಅವನ ಕೊನೆಯ ನಿಲುವು. ಮೊದಲ ಏಟು ಬಿದ್ದಾಗಲೇ ಕಳೆದುಹೋದ ಆ ನಂಬಿಕೆ 23 ವರ್ಷಗಳ ಬಳಿಕವೂ ಮರಳಿರಲಿಲ್ಲ.

ರೋಮನ್ ಕಾನೂನಿನಲ್ಲಿ ಹಿಂಸೆಯ ವಿಚಾರಣೆಗೆ ಇದ್ದ ಹೆಸರು ‘ಕ್ವೆಸ್ಟಿಯೊ’, ಎಂದರೆ ಪ್ರಶ್ನೆ. ಫ್ರೆಂಚರೂ ಶತಮಾನಗಳ ಕಾಲ ಅದನ್ನು ‘ಪ್ರಶ್ನೆ’ ಎಂದೇ ಕರೆದರು. ಅದೇ ಫ್ರೆಂಚಿನಲ್ಲಿ 1942ರಲ್ಲಿ ಸಿಮೋನ್ ವೇಯ್ ಇನ್ನೊಂದು ಪ್ರಶ್ನೆಯ ಬಗ್ಗೆ ಬರೆದಳು. ತತ್ವಶಾಸ್ತ್ರದ ಮೇಷ್ಟ್ರಾಗಿದ್ದ ಈಕೆ 1934ರ ಕೊನೆಯಿಂದ ಪ್ಯಾರಿಸಿನ ಕಾರ್ಖಾನೆಗಳಲ್ಲಿ ಕೂಲಿ ಮಾಡಿ, ದುಡಿಮೆ ಮನುಷ್ಯನ ಮೇಲೆ ಗುಲಾಮನ ಮುದ್ರೆ ಒತ್ತುವುದನ್ನು ತನ್ನ ಮೈಯಲ್ಲೇ ಅನುಭವಿಸಿದವಳು. ಮೈನೋವು, ಮನಸ್ಸಿನ ಕುಸಿತ, ಸಮಾಜದ ತಿರಸ್ಕಾರ ಮೂರೂ ಸೇರಿದಾಗ ಮನುಷ್ಯ ತನ್ನನ್ನೇ ಅಸಹ್ಯಪಡುವಂತಾಗುತ್ತಾನೆ, ದೇವರು ಸತ್ತವನಿಗಿಂತ ಹೆಚ್ಚು ಇಲ್ಲವಾಗುತ್ತಾನೆ ಎಂದು ಅವಳು ಯೋಬನನ್ನು ಓದಿ ಬರೆದಿದ್ದಾಳೆ. ಅಂಥ ನೋವು ಯಾರ ಪುಣ್ಯದ ಲೆಕ್ಕವನ್ನೂ ತೋರಿಸುವುದಿಲ್ಲ.

ಅವಳು ಹೇಳುವ ಪ್ರಶ್ನೆ ಮಧ್ಯಯುಗದ ಗ್ರೇಲ್ ಪಾತ್ರೆಯ ಕಥೆಯದು. ಗಾಯದಿಂದ ಮುಕ್ಕಾಲು ಪಾಲು ಸ್ವಾಧೀನ ತಪ್ಪಿದ ರಾಜನೊಬ್ಬ ಪವಿತ್ರ ಪಾತ್ರೆಯನ್ನು ಕಾಯುತ್ತಿರುತ್ತಾನೆ. ಏನು ನಿನ್ನ ಯಾತನೆ ಎಂದು ಅವನನ್ನು ಮೊದಲು ಕೇಳಿದವನಿಗೆ ಪಾತ್ರೆ ಸಲ್ಲುತ್ತದೆ. ಯಾತನೆಗೆ ಅವಳು ಬಳಸಿದ ಪದ ‘ತೂರ್ಮಾಂ’, ಟೊರ್ಮೆಂಟುಮ್‌ನ ಫ್ರೆಂಚ್ ರೂಪ. ನೆರೆಯವನನ್ನು ಪ್ರೀತಿಸುವುದೆಂದರೆ ಈ ಪ್ರಶ್ನೆ ಕೇಳಬಲ್ಲವರಾಗುವುದು, ಎದುರಿನವನು ‘ದುರ್ದೈವಿಗಳು’ ಎಂಬ ಗುಂಪಿನ ಒಂದು ಮಾದರಿಯಲ್ಲ, ತನ್ನಂತೆಯೇ ಒಬ್ಬ ಮನುಷ್ಯನೆಂದು ನೋಡಬಲ್ಲವರಾಗುವುದು ಎನ್ನುತ್ತಾಳೆ. ಉತ್ತರವನ್ನು ತಿರುಚಿ ತೆಗೆಯುವುದಿಲ್ಲ, ಬಂದಷ್ಟಕ್ಕೆ ಕಿವಿಗೊಡುತ್ತಾರೆ. ಇದನ್ನು ಅವಳು ಬರೆದದ್ದು ಶಾಲೆಯ ಮಕ್ಕಳ ಓದಿನ ಕುರಿತ ಪ್ರಬಂಧದಲ್ಲಿ. ರೇಖಾಗಣಿತದ ಲೆಕ್ಕವನ್ನೋ ಲ್ಯಾಟಿನ್ ಅನುವಾದವನ್ನೋ ಹಿಡಿದು ಮನಸ್ಸಿಟ್ಟು ಕೂತ ಹುಡುಗಿಗೆ ಕೊನೆಗೂ ಉತ್ತರ ಹೊಳೆಯದಿರಬಹುದು, ಬರೆದದ್ದು ತಪ್ಪೇ ಇರಬಹುದು. ಆ ಹೊತ್ತಿನಲ್ಲಿ ಅಭ್ಯಾಸವಾದ ಗಮನವೇ ಮುಂದೊಂದು ದಿನ ನರಳುವವರೊಬ್ಬರ ಮುಂದೆ ನಿಂತಾಗ ಅವರಿಗೆ ಬೇಕಾದ ನೆರವನ್ನು ಕೊಡಬಲ್ಲದೆಂದು ಅವಳು ಆ ಪ್ರಬಂಧವನ್ನು ಪೆರ್ರಾಂ ಎಂಬ ಪಾದ್ರಿಗೆ, ಅವರ ವಿದ್ಯಾರ್ಥಿಗಳಿಗೆಂದು ಕಳುಹಿಸಿದಳು.